ಚಿಯಾಂಗ್ ವರ್ಗದ ಭಾಷೆಗಳು: ವ್ಯಾಕರಣ ಮತ್ತು ಶಬ್ದಸಂಪತ್ತು

ನೆಲೆ

ಚೀನಾದ ಸಿಚುವಾನ್ ಪ್ರಾಂತ್ಯದ ಪಶ್ಚಿಮ ಭಾಗದಲ್ಲಿ, ಅದಕ್ಕೆ ತಾಗಿದ ಯುನ್ನಾನ್‌ನ ಕಣಿವೆಗಳಲ್ಲಿ ಹಲವು ಸಣ್ಣ ಭಾಷೆಗಳು ಬಳಕೆಯಲ್ಲಿವೆ. ಚಿಯಾಂಗ್, ಪ್ರಿನ್ಮಿ, ಮುಯಾ, ಎರ್ಸು ಮೊದಲಾದ ಇವನ್ನು ಒಟ್ಟಾಗಿ ಚಿಯಾಂಗ್ ವರ್ಗ ಎಂದು ಕರೆಯುತ್ತಾರೆ. ಸಿನೋ-ಟಿಬೆಟನ್ ಕುಟುಂಬದೊಳಗೆ ಇದನ್ನು ಪ್ರತ್ಯೇಕ ಶಾಖೆಯೆಂದು ಪ್ರತಿಪಾದಿಸಿದವರಲ್ಲಿ ಚೀನಾದ ಭಾಷಾವಿಜ್ಞಾನಿ ಸುನ್ ಹೊಂಗ್‌ಕೈ ಪ್ರಮುಖರು.

ಕ್ರಿಯಾಪದದಲ್ಲಿ ಬೆಟ್ಟ ಮತ್ತು ನದಿ

ಈ ಭಾಷೆಗಳ ಅತ್ಯಂತ ಆಕರ್ಷಕ ಲಕ್ಷಣವೆಂದರೆ ಕ್ರಿಯಾಪದದ ಮುಂದೆ ಸೇರುವ ದಿಕ್ಸೂಚಕ ಪೂರ್ವಪ್ರತ್ಯಯಗಳು. ಮಾವೊ ಜಿಲ್ಲೆಯ ರೊಂಗ್‌ಹೊಂಗ್ ಹಳ್ಳಿಯ ಉತ್ತರ ಚಿಯಾಂಗ್ ಉಪಭಾಷೆಯಲ್ಲಿ ಇಂಥವು ಎಂಟು ಇವೆ: ಮೇಲಕ್ಕೆ, ಕೆಳಕ್ಕೆ, ನದಿಯ ಮೇಲ್ಹರಿವಿನತ್ತ, ಕೆಳಹರಿವಿನತ್ತ, ಒಳಕ್ಕೆ, ಹೊರಕ್ಕೆ, ಮಾತನಾಡುವವನ ಕಡೆಗೆ, ಅವನಿಂದ ದೂರಕ್ಕೆ. 'ತ' ಎಂಬ ಪ್ರತ್ಯಯ ಮೇಲ್ಮುಖ ಚಲನೆಯನ್ನು ಹೇಳಿದರೆ, 'ನ' ಮತ್ತು 'ಸ' ನದಿಯ ಎರಡು ದಿಕ್ಕುಗಳನ್ನು ಸೂಚಿಸುತ್ತವೆ. ಮೀನ್ ನದಿಯ ಮೇಲ್ಕಣಿವೆಗಳಲ್ಲಿ ಬಾಳುವ ಜನರಿಗೆ ಇಂಥ ವಿಂಗಡಣೆ ನಿತ್ಯದ ಅಗತ್ಯ.

ಇದೇ ಪ್ರತ್ಯಯಗಳು ಕ್ರಿಯೆ ಪೂರ್ಣಗೊಂಡಿತೆಂಬುದನ್ನೂ ಸೂಚಿಸುತ್ತವೆ, ಆಜ್ಞಾರ್ಥಕ ರೂಪದಲ್ಲೂ ಬರುತ್ತವೆ. ಆಗ ದಿಕ್ಕಿನ ಅರ್ಥ ಮಸುಕಾಗಿ, ವ್ಯಾಕರಣದ ಕೆಲಸವೇ ಮುಖ್ಯವಾಗುತ್ತದೆ.

ಇರವು ಮತ್ತು ಅರಿವಿನ ಮೂಲ

ಕನ್ನಡದಂತೆ ಇಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಆದರೆ ಕನ್ನಡದ 'ಇರು' ಧಾತು ಒಂದೇ ಆಗಿದ್ದು, 'ಇದ್ದಾನೆ', 'ಇದೆ' ಎಂದು ಅದರ ಅಂತ್ಯ ಮಾತ್ರ ಬದಲಾಗುತ್ತದೆ. ಚಿಯಾಂಗ್‌ನಲ್ಲಿ ಧಾತುವೇ ಬೇರೆಯಾಗುತ್ತದೆ. ಜೀವಿಗಳಿಗೆ ಒಂದು, ನಿರ್ಜೀವ ವಸ್ತುಗಳಿಗೆ ಇನ್ನೊಂದು, ಸ್ಥಳದಿಂದ ಕದಲದವುಗಳಿಗೆ ಮತ್ತೊಂದು, ಪಾತ್ರೆಯಂಥ ವಸ್ತುವಿನೊಳಗೆ ಇರುವುದಕ್ಕೆ ಬೇರೊಂದು.

ಕಣ್ಣಾರೆ ಕಂಡದ್ದು, ಕುರುಹಿನಿಂದ ಊಹಿಸಿದ್ದು, ಇತರರಿಂದ ಕೇಳಿದ್ದು ಎಂಬ ಭೇದಗಳನ್ನು ತೋರುವ ಪ್ರತ್ಯಯಗಳೂ ರೊಂಗ್‌ಹೊಂಗ್ ಉಪಭಾಷೆಯಲ್ಲಿವೆ. ಕೊನೆಯದು ನಮ್ಮ 'ಬಂದನಂತೆ' ಎಂಬಲ್ಲಿನ 'ಅಂತೆ'ಗೆ ಹತ್ತಿರದ್ದು.

ಶಬ್ದಸಂಪತ್ತು ಮತ್ತು ಬಂಧುತ್ವ

'ಮೂರು' ಎಂಬ ಸಂಖ್ಯೆಗೆ ಲಿಖಿತ ಟಿಬೆಟನ್‌ನಲ್ಲಿ 'ಗ್ಸುಮ್', ಚೀನೀಯಲ್ಲಿ 'ಸಾನ್' ಎನ್ನುತ್ತಾರೆ. ಉತ್ತರ ಚಿಯಾಂಗ್‌ನ ಮಾವೊ ಉಪಭಾಷೆಯ ರೂಪ 'ಖ್ಸಿ'. ಇಂಥ ಮೂಲಪದಗಳು ಇಡೀ ಕುಟುಂಬದ ನಂಟನ್ನು ತೋರುತ್ತವೆ. ಒಳಶಾಖೆಗಳ ಗಡಿ ಎಲ್ಲಿದೆಯೆಂಬುದನ್ನು ಅವುಗಳಿಂದಷ್ಟೇ ನಿರ್ಣಯಿಸಲಾಗದು. ಚೀನೀ ಮತ್ತು ಟಿಬೆಟನ್ ಭಾಷೆಗಳಿಂದ ಎರವಲು ಬಂದ ಪದಗಳೂ ಇಲ್ಲಿ ಹೇರಳವಾಗಿವೆ.

ದಿಕ್ಸೂಚಕ ಪ್ರತ್ಯಯಗಳು ಸಮಾನ ಮೂಲದಿಂದ ಬಂದವಲ್ಲ, ನೆರೆಹೊರೆಯ ದೀರ್ಘ ಸಂಪರ್ಕದಿಂದ ಹರಡಿರಬಹುದು ಎಂಬ ವಾದವನ್ನು ಭಾಷಾವಿಜ್ಞಾನಿ ಕಾಟಿಯಾ ಚಿರ್ಕೋವಾ ಮುಂದಿಟ್ಟಿದ್ದಾರೆ. ಈ ಚರ್ಚೆಯಲ್ಲಿ ತಂಗುತ್ ಭಾಷೆಯ ಸಾಕ್ಷ್ಯಕ್ಕೆ ವಿಶೇಷ ಬೆಲೆಯಿದೆ. 1038ರಿಂದ 1227ರವರೆಗೆ ಬಾಳಿದ ಪಶ್ಚಿಮ ಶಿಯಾ ರಾಜ್ಯದ ಈ ಭಾಷೆಗೆ ಸುಮಾರು 6,000 ಅಕ್ಷರಗಳ ಸ್ವಂತ ಲಿಪಿಯಿತ್ತು. ಇಂದು ಅದನ್ನು ಆಡುವವರಿಲ್ಲ, ಆದರೆ ಉಳಿದಿರುವ ಅದರ ಬರಹಗಳಲ್ಲಿಯೂ ಕ್ರಿಯಾಪದದ ಮುಂದೆ ದಿಕ್ಕನ್ನು ಹೇಳುವ ಪ್ರತ್ಯಯಗಳು ಕಾಣಸಿಗುತ್ತವೆ.