ತಂತಿ ಕಳ್ಳರ ದಾರಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದಾದ ಸ್ವಲ್ಪ ಕಾಲಕ್ಕೆ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಜನ ಕಳ್ಳರು ಸೆರೆಸಿಕ್ಕರು. ರಾಜ್ಯ ಕೈಬದಲಾದ ಗದ್ದಲದಲ್ಲಿ ಅವರತ್ತ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಯುದ್ಧ ಮುಗಿದ ಮೇಲೆ ದಾರಿಗಳ್ಳರು ಹುಟ್ಟಿಕೊಳ್ಳುವುದು ಇದ್ದದ್ದೇ, ಇವರೂ ಅಂಥವರೇ ಎಂದುಕೊಂಡರು. ಎಂಟು ವರ್ಷ ಕಳೆದು, 1807ರಲ್ಲಿ, ಚಿತ್ತೂರಿಗೂ ಆರ್ಕಾಟಿಗೂ ನಡುವೆ ಇನ್ನೊಂದು ತಂಡ ಸಿಕ್ಕಿಬಿತ್ತು. ತಿರುವಾಂಕೂರಿನ ಕಡೆ ಹೋಗಿ ಕೈತುಂಬ ಲೂಟಿ ಹೊತ್ತು ವಾಪಸಾಗುತ್ತಿದ್ದವರು ಅವರು. ಅವರ ಬಾಯಿಂದ ಹೊರಬಿದ್ದ ಮಾತು ಕೇಳಿದಾಗ ಗೊತ್ತಾಯಿತು: ದಕ್ಷಿಣದ ಹೆದ್ದಾರಿಗಳಲ್ಲಿ ವರ್ಷಗಟ್ಟಲೆ ಜನ ಕಾಣೆಯಾಗುತ್ತಿದ್ದರು, ಹೆಣಗಳು ಸಿಗುವುದೇ ಅಪರೂಪ, ಹುಡುಕುವವರೂ ಕಡಿಮೆ.

ಫಾಂಸಿಗಾರರು ಎಂದು ದಾಖಲೆಗಳಲ್ಲಿರುವುದು ಇವರೇ. ಉತ್ತರದವರು ಠಗ್ಗರು ಎಂದರು. ನಮ್ಮ ಕಡೆಯ ಹೆಸರು ತಂತಿ ಕಳ್ಳರು.

ನಾನು ಕೊತ್ತತ್ತಿಯವನು. ಗ್ರಾಮ ಲೆಕ್ಕಿಗನಾಗಿ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ಓಡಾಡಿ ನಿವೃತ್ತನಾದೆ. ಈಗ ಆ ಹುದ್ದೆಯ ಹೆಸರೂ ಬದಲಾಗಿ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ. ಪಹಣಿ, ಮ್ಯುಟೇಶನ್ ಬಿಟ್ಟರೆ ನನಗೆ ಅಭ್ಯಾಸವಿದ್ದ ಇನ್ನೊಂದು ಕಾಗದವೆಂದರೆ ಶವ ಪಂಚನಾಮೆ. ಪೊಲೀಸರು ಕರೆದಾಗ ಪಂಚನಾಗಿ ಹೋಗಿ ರುಜು ಹಾಕಿ ಬರಬೇಕಿತ್ತು. ಹಾಗಾಗಿ ಕಾಣೆಯಾದವರ ಕತೆಗಳ ಮೇಲೆ ನನಗೆ ಮೊದಲಿಂದಲೂ ಒಂದು ಕಣ್ಣು. ತಂತಿ ಕಳ್ಳರ ವಿಷಯಕ್ಕೆ ಬಿದ್ದದ್ದೂ ಆ ಗೀಳಿನಿಂದಲೇ. ನಮ್ಮ ಹೋಬಳಿಗೆ ಹತ್ತಿರದಲ್ಲೇ ಬೆಂಗಳೂರು–ಶ್ರೀರಂಗಪಟ್ಟಣದ ಹಳೆಯ ರಸ್ತೆ ಹಾದುಹೋಗುತ್ತದೆ. ಚನ್ನಪಟ್ಟಣ, ಮದ್ದೂರು, ಮಂಡ್ಯ ದಾಟಿ ಪಟ್ಟಣಕ್ಕೆ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ನೋಡಿ ಬರೆಯಲು ಬಂದಾಗ ಓಡಾಡಿದ್ದೂ ಇದೇ ದಾರಿಯಲ್ಲಿ.

ಆ ಕಾಲದ ದಾರಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬರಲು ಇನ್ನೂ ನೂರಮೂವತ್ತು ವರ್ಷ ಬೇಕು. ಕೆರೆಯ ಕೆಳಗಿನ ತುಂಡು ಬಿಟ್ಟರೆ ಮಿಕ್ಕಿದ್ದೆಲ್ಲ ರಾಗಿ, ಹುರುಳಿಯ ಬೆದ್ದಲು. ಮದ್ದೂರಿನ ಕೋಟೆಯನ್ನು ಕಾರ್ನ್‌ವಾಲಿಸ್ 1791ರಲ್ಲೇ ಕೆಡವಿಸಿದ್ದ. ಮಳವಳ್ಳಿಯ ಬಯಲಲ್ಲಿ 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಕಡೆಯ ಸೇನಾಪತಿ ಹ್ಯಾರಿಸ್‌ನ ಸೈನ್ಯಕ್ಕೂ ಕಾಳಗ ನಡೆದಿತ್ತು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದೂ 1800ರ ಹೊತ್ತಿಗೆ ಆ ಸಂಖ್ಯೆ 31,895ಕ್ಕೆ ಇಳಿದಿತ್ತೆಂದೂ ಲೆಕ್ಕ ಸಿಗುತ್ತದೆ. ಉಳಿದವರೆಲ್ಲ ಎಲ್ಲಿ ಹೋದರು? ಸತ್ತವರು ಸತ್ತರು. ಸಂಬಳ ತಪ್ಪಿದ ಸಿಪಾಯಿ, ಅಂಗಡಿ ಮುಚ್ಚಿದ ವ್ಯಾಪಾರಿ, ಕಾರಖಾನೆಯ ಕುಶಲಕರ್ಮಿ ಇವರೆಲ್ಲ ಗಂಟು ಕಟ್ಟಿಕೊಂಡು ದಾರಿ ಹಿಡಿದರು. ಯಾರು ಯಾವ ಊರಿಗೆ ಹೊರಟರು, ಯಾವತ್ತು ತಲುಪಬೇಕು ಎಂಬುದು ಇನ್ನೊಬ್ಬರಿಗೆ ಗೊತ್ತಿಲ್ಲದ ಕಾಲ. ತಂತಿ ಕಳ್ಳರಿಗೆ ಬೇಕಾದದ್ದು ಅದೇ.

ಇವರ ಬಗ್ಗೆ ಮೊದಲ ಬಾರಿಗೆ ಕೂಲಂಕಷವಾಗಿ ಬರೆದವನು ಪೊಲೀಸಿನವನಲ್ಲ, ವೈದ್ಯ. ಮದರಾಸಿನ ಸರ್ಜನ್ ರಿಚರ್ಡ್ ಷೆರ್‌ವುಡ್. ಚಿತ್ತೂರಿನ ಮ್ಯಾಜಿಸ್ಟ್ರೇಟ್ ರೈಟ್ ಸೆರೆಸಿಕ್ಕವರಿಂದ ಹೇಳಿಕೆಗಳನ್ನು ಬರೆಸಿಕೊಂಡಿದ್ದ. ಕಂಪನಿ ಆಡಳಿತದೊಳಗೆ ಹೀಗೆ ಹೊರಬಿದ್ದ ಸಂಗತಿಗಳನ್ನೆಲ್ಲ ಷೆರ್‌ವುಡ್ ಒಂದು ಕಡೆ ಕೂಡಿಹಾಕಿ 1816ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. 1820ರಲ್ಲಿ ಅದು ಕಲ್ಕತ್ತೆಯ ಏಷ್ಯಾಟಿಕ್ ರಿಸರ್ಚಸ್‌ನ ಹದಿಮೂರನೆಯ ಸಂಪುಟದಲ್ಲಿ ಮತ್ತೆ ಅಚ್ಚಾಯಿತು. ಕನ್ನಡದ 'ತಂತಿ ಕಳ್ಳರು' ಎಂಬ ಹೆಸರು ಉಳಿದಿರುವುದೂ ಆ ಬರಹದಲ್ಲೇ. ನಮ್ಮೂರ ಹಿರಿಯರನ್ನು ಕೇಳಿದರೆ ಆ ಹೆಸರು ಯಾರಿಗೂ ನೆನಪಿಲ್ಲ. ಹೊತ್ತು ಮುಳುಗಿದ ಮೇಲೆ ದಾರೀಲಿ ಸಿಕ್ಕಿದೋರ ಜೊತೆ ಸೇರಬ್ಯಾಡ ಎಂಬ ಬುದ್ಧಿಮಾತು ಮಾತ್ರ ಎಲ್ಲರಿಗೂ ಗೊತ್ತು.

ಷೆರ್‌ವುಡ್ ಬರೆದಿರುವ ಪ್ರಕಾರ ಅವರ ಕಸುಬಿನ ರೀತಿ ಹೀಗೆ. ತಂಡದಲ್ಲಿ ಹತ್ತು ಜನರಿಂದ ಐವತ್ತರವರೆಗೆ. ಎಲ್ಲರೂ ಒಟ್ಟಿಗೆ ನಡೆಯುವುದಿಲ್ಲ, ಸಣ್ಣ ಸಣ್ಣ ಗುಂಪಾಗಿ ಹಿಂದೆಮುಂದೆ ಬರುತ್ತಾರೆ. ಒಂದೆರಡು ಎತ್ತೋ ತಟ್ಟುವೋ ಜೊತೆಗಿರುತ್ತದೆ, ನೋಡಿದವರಿಗೆ ವ್ಯಾಪಾರಿಗಳಂತೆ ಕಾಣಲು. ಹತ್ತು ಹನ್ನೆರಡರ ಹುಡುಗರನ್ನೂ ಕರೆತರುತ್ತಾರೆ. ಮಕ್ಕಳಿರುವ ಗುಂಪಿನ ಮೇಲೆ ಯಾರಿಗೆ ಅನುಮಾನ ಬಂದೀತು? ಛತ್ರದಲ್ಲೋ ತೋಪಿನಲ್ಲೋ ದಾರಿಹೋಕನ ಪರಿಚಯ ಮಾಡಿಕೊಂಡು, ಮುಂದಿನ ದಾರಿ ಕೆಟ್ಟದ್ದು, ಜೊತೆಯಾಗಿ ಹೋಗೋಣ ಎಂದು ಅವರೇ ಭಯ ಹುಟ್ಟಿಸಿ ಅವರೇ ಧೈರ್ಯ ಹೇಳುತ್ತಾರೆ. ನಿರ್ಜನ ಜಾಗ ಬಂದಾಗ ಒಬ್ಬ ಕುತ್ತಿಗೆಗೆ ಉರುಳು ಹಾಕಿದರೆ ಇನ್ನೊಬ್ಬ ಕೈ ಹಿಡಿಯುತ್ತಾನೆ. ಹೆಸರು ತಂತಿಯದಾದರೂ ಹೆಚ್ಚಿನ ಕೊಲೆ ನಡೆಯುತ್ತಿದ್ದದ್ದು ಬಟ್ಟೆಯಿಂದ. ತಲೆಯ ರುಮಾಲನ್ನೋ ನಡುವಿನ ವಸ್ತ್ರವನ್ನೋ ಆಯುಧವೆಂದು ಯಾವ ಸುಂಕದ ಕಟ್ಟೆಯವನೂ ತಡೆಯಲಾರ.

ಮೊದಲು ಕೊಲೆ, ಆಮೇಲೆ ಸುಲಿಗೆ. ಈ ಕ್ರಮ ಎಂದೂ ತಪ್ಪುತ್ತಿರಲಿಲ್ಲ. ಸುಲಿಗೆಯಾದವನು ಬದುಕಿದ್ದರೆ ದೂರು ಕೊಡುತ್ತಾನೆ. ಹೆಣವನ್ನು ಹೂಳುವಾಗಲೂ ಲೆಕ್ಕಾಚಾರವಿತ್ತು: ದೇಹ ಉಬ್ಬಿ ಮಣ್ಣು ಬಿರುಕು ಬಿಟ್ಟರೆ ನರಿಗಳು ತೋಡುತ್ತವೆ, ಗುಟ್ಟು ಬಯಲಾಗುತ್ತದೆ, ಅದಕ್ಕಾಗಿ ದೇಹವನ್ನು ಸೀಳಿ ಹೂಳುತ್ತಿದ್ದರು. ಆ ಹೊತ್ತಿಗೆ ಬೇರೆ ದಾರಿಹೋಕರು ಬಂದರೆ ಬಟ್ಟೆಯ ಮರೆ ಕಟ್ಟಿ, ಒಳಗೆ ಹೆಂಗಸರಿದ್ದಾರೆ ಎಂದುಬಿಡುತ್ತಿದ್ದರು. ಬಂದವರು ಮರ್ಯಾದೆಯಿಂದ ತಲೆತಗ್ಗಿಸಿ ಮುಂದೆ ಹೋಗುತ್ತಿದ್ದರು.

ಊರ ಕಾವಲು ಏನು ಮಾಡುತ್ತಿತ್ತು? ನಮ್ಮ ಹಳ್ಳಿಗಳಲ್ಲಿ ಹಳೆಯ ಕಟ್ಟು ಚೆನ್ನಾಗಿಯೇ ಇತ್ತು. ತಳವಾರ, ತೋಟಿ, ಮೇಲೆ ಪಟೇಲ. ಸೀಮೆಯ ಮಟ್ಟದಲ್ಲಿ ಕಂದಾಚಾರದ ಆಳುಗಳು. ಊರಲ್ಲಿ ಕಳವಾದರೆ ತಳವಾರ ಹೆಜ್ಜೆ ಹಿಡಿದು ಹೋಗಬೇಕು. ಹೆಜ್ಜೆ ಪಕ್ಕದೂರಿನ ಎಲ್ಲೆ ದಾಟಿದರೆ ಆ ಊರಿನವನಿಗೆ ಒಪ್ಪಿಸಬೇಕು. ಪತ್ತೆಯಾಗದಿದ್ದರೆ ಕಳೆದ ಮಾಲಿಗೆ ತಾನೇ ಹೊಣೆ. ಈ ಕಟ್ಟಳೆ ದನಗಳ್ಳನನ್ನೂ ಕಣದ ಕಳ್ಳನನ್ನೂ ಹಿಡಿಯಬಲ್ಲದು. ಆದರೆ ಅದು ಶುರುವಾಗಬೇಕಾದರೆ ಒಬ್ಬ ಬಂದು, 'ನನ್ನದು ಹೋಯಿತು' ಎನ್ನಬೇಕು. ಆರ್ಕಾಟಿನ ವ್ಯಾಪಾರಿ ಮದ್ದೂರಿನ ಬಳಿ ಮಣ್ಣಾದರೆ ಮದ್ದೂರಿನ ತಳವಾರನಿಗೆ ಅವನು ಬಂದದ್ದೇ ಗೊತ್ತಿಲ್ಲ. ಆರ್ಕಾಟಿನ ಮನೆಯವರಿಗೆ ಅವನು ಎಲ್ಲಿಯವರೆಗೆ ತಲುಪಿದ್ದನೆಂದು ಗೊತ್ತಿಲ್ಲ. ಹುಲಿ ಹಿಡಿಯಿತೋ, ಜ್ವರ ಬಂತೋ, ಸನ್ಯಾಸಿಯಾದನೋ ಎಂದು ಅವರು ಕಾದು ಕಾದು ಸುಮ್ಮನಾಗುತ್ತಾರೆ. ತಂತಿ ಕಳ್ಳರು ಸ್ವಂತ ಊರಿನ ಹತ್ತಿರ ಕೈ ಹಾಕುತ್ತಿರಲಿಲ್ಲ, ಬಹುದೂರ ಹೋಗಿ ಬರುತ್ತಿದ್ದರು. ಊರಲ್ಲಿದ್ದಾಗ ಹೊಲ ಉಳುತ್ತಿದ್ದರು, ಮರ್ಯಾದಸ್ಥರಾಗಿದ್ದರು.

ಷೆರ್‌ವುಡ್‌ನ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಪಾಲಿನ ಲೆಕ್ಕ. ಮೈಸೂರಿನ ಗಡಿ, ಬಾಲಾಘಾಟ್, ಅದಕ್ಕಿಂತ ಹೆಚ್ಚಾಗಿ ಚಿತ್ತೂರಿನ ಪಾಳೆಯಪಟ್ಟುಗಳು ಇವರ ನೆಲೆ. ಅಲ್ಲಿನ ಪಾಳೆಯಗಾರರಿಗೆ ಇವರು ವರ್ಷಕ್ಕಿಷ್ಟು ಎಂದು ಕಟ್ಟುತ್ತಿದ್ದರು, ಅಥವಾ ತಂದ ಲೂಟಿಯಲ್ಲಿ ಪಾಲು ಕೊಡುತ್ತಿದ್ದರು. ಹೆಚ್ಚಾಗಿ ನಡೆಯುತ್ತಿದ್ದದ್ದು ಎರಡನೆಯದು. ಉಳಿದದ್ದರಲ್ಲಿ ದೇವಿಯ ಪೂಜೆಗೆ ಒಂದಿಷ್ಟು, ನಾಯಕನಿಗೆ ಹೆಚ್ಚಿನ ಪಾಲು, ತಂಡದಲ್ಲಿ ಸತ್ತವರ ಹೆಂಡತಿ ಮಕ್ಕಳಿಗೂ ಕೆಲವೊಮ್ಮೆ ಒಂದು ಭಾಗ. ಅಧಿಕಾರದಲ್ಲಿರುವವರ ಉತ್ತೇಜನವೋ ಕಂಡೂ ಕಾಣದಂತಿರುವಿಕೆಯೋ ಇಲ್ಲದೆ ಇಂಥವರು ಒಂದೇ ಜಾಗದಲ್ಲಿ ಹೆಚ್ಚು ಕಾಲ ನಿಲ್ಲಲಾರರು ಎಂದು ಆ ವೈದ್ಯ ನೇರವಾಗಿಯೇ ಬರೆದಿದ್ದಾನೆ. ಪಾಳೆಯಗಾರರ ಬಲ ಮುರಿದಾಗ ಇವರು ಊರು ಬಿಟ್ಟು ಬೇರೆ ಹೆಸರಿಟ್ಟುಕೊಂಡದ್ದೇ ಅದಕ್ಕೆ ಪುರಾವೆ. ಆಗಿನ ಪಾಳೆಯಗಾರನೆಂದರೆ ಆ ಸೀಮೆಗೆ ಅರಸನೂ ಅವನೇ, ನ್ಯಾಯಾಧೀಶನೂ ಅವನೇ, ಪೊಲೀಸೂ ಅವನೇ. ಕೊಲೆಯ ಹಣ ಅಂಥವನ ಮನೆಗೇ ಬರುತ್ತಿದ್ದರೆ ವಿಚಾರಣೆ ಮಾಡುವವರು ಯಾರು?

ನಮ್ಮ ಅರಸರು ಕೈಕಟ್ಟಿ ಕೂತಿರಲಿಲ್ಲ. ಹೈದರ್ ಹಿಂದೆಮುಂದೆ ನೋಡದೆ ಹಲವರನ್ನು ಕೊಲ್ಲಿಸಿದ. ಟಿಪ್ಪು ಕೆಲವರನ್ನು ಕಠಿಣ ದುಡಿಮೆಗೆ ಹಚ್ಚಿದ, ಕೆಲವರ ಅಂಗ ಕತ್ತರಿಸಿದ. 1799ರ ಬಳಿಕ ದಿವಾನ್ ಪೂರ್ಣಯ್ಯ ದಾರಿದರೋಡೆಗೆ ಮರಣದಂಡನೆ ಎಂದು ಮಾಡಿ ಹಲವರನ್ನು ಗಲ್ಲಿಗೇರಿಸಿದ. ಮೂವರ ಕಾಲದಲ್ಲೂ ಶಿಕ್ಷೆಯಾದದ್ದು ಉರುಳು ಹಾಕಿದವನಿಗೆ. ಪಾಲು ಪಡೆದವರು ಪಟ್ಟಿಯಲ್ಲಿ ಇಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. ಮಧ್ಯ ಭಾರತದಲ್ಲಿ ವಿಲಿಯಂ ಸ್ಲೀಮನ್ ತಪ್ಪೊಪ್ಪಿಕೊಂಡವರನ್ನೇ ಸಾಕ್ಷಿಗಳನ್ನಾಗಿ ಮಾಡಿಕೊಂಡು ತಂಡಗಳನ್ನು ಬಗ್ಗುಬಡಿದ. 1836ರ ಕಾಯ್ದೆ ಬಂತು. ನಿರ್ದಿಷ್ಟ ಕೊಲೆ ರುಜುವಾತಾಗದಿದ್ದರೂ ಠಗ್ಗರ ತಂಡದವನೆಂದು ಸಾಬೀತಾದರೆ ಸಾಕು, ಜೀವಾವಧಿ. ಕೊಲೆ ಹುಟ್ಟಿನಿಂದಲೇ ಬರುವ ಕಸುಬು ಎಂಬ ಷೆರ್‌ವುಡ್‌ನ ಮಾತಿಗೆ ರೆಕ್ಕೆಪುಕ್ಕ ಬಂದು, 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಾಗಿ ಇಡೀ ಸಮುದಾಯಗಳ ಹಣೆಗೆ ಅಂಟಿತು. ಅದು ರದ್ದಾದದ್ದು 1952ರಲ್ಲಿ. ಠಗ್ಗರ ಕತೆಯಲ್ಲಿ ನಿಜವೆಷ್ಟು, ಕಂಪನಿಯ ಭಯ ಕಟ್ಟಿದ್ದೆಷ್ಟು ಎಂದು ಇತಿಹಾಸಕಾರರು ಈಗಲೂ ವಾದಿಸುತ್ತಾರೆ. ನನಗನ್ನಿಸುವುದಿಷ್ಟು: ಕೊಲೆಗಳು ನಡೆದದ್ದು ನಿಜ, ತಂಡಗಳಲ್ಲಿ ಮುಸಲ್ಮಾನರೂ ಹಿಂದೂಗಳೂ ಇದ್ದದ್ದು ನಿಜ. ರಕ್ತದಲ್ಲೇ ಕೊಲೆಯಿದೆ ಎಂದದ್ದು ಸುಳ್ಳು. ಆ ಸುಳ್ಳಿನಿಂದ ಪಾಲುದಾರರಿಗೆ ಅನುಕೂಲವಾಯಿತು. ಪಾಪವೆಲ್ಲ ಒಂದು ಜಾತಿಯ ತಲೆಗೆ ಕಟ್ಟಿದ ಮೇಲೆ, ಅವರನ್ನು ಸಾಕಿದ ದೊಡ್ಡ ಮನೆಗಳ ಲೆಕ್ಕ ಕೇಳುವವರಿರಲಿಲ್ಲ.

ಇದೆಲ್ಲ ಹಳೆಯದೆನ್ನುವವರಿಗೆ ವಿ.ಸಿ. ನಾಲೆಯ ದಂಡೆಯ ಒಂದು ಬೆಳಗನ್ನು ಹೇಳುತ್ತೇನೆ. ತೂಬಿನ ಕಂಬಿಗೆ ಹೆಣವೊಂದು ಸಿಕ್ಕಿಕೊಂಡಿತ್ತು. ನಲವತ್ತರ ಆಸುಪಾಸಿನ ಗಂಡಸು, ನೀಲಿ ಚೌಕಳಿ ಲುಂಗಿ, ನಡುವಲ್ಲಿ ಉಡುದಾರ, ಬಲ ಮುಂಗೈಯಲ್ಲಿ ಹಚ್ಚೆ. ಮಹಜರಿನಲ್ಲಿ ಅದನ್ನೆಲ್ಲ ಬರೆದೆವು. ಕುತ್ತಿಗೆಯ ಸುತ್ತ ಒಂದು ಗೆರೆಯಿತ್ತು. ಅದನ್ನೂ ಬರೆಯಬೇಕಲ್ಲವೇ ಎಂದೆ. 'ನೀರಲ್ಲಿ ಹಗ್ಗ ಗಿಗ್ಗ ಸುತ್ಕಂಡಿರ್ತದೆ ಬುಡಿ ಲೆಕ್ಕಿಗ್ರೇ. ದೂರೇ ಇಲ್ದ ಮ್ಯಾಕೆ ಕೇಸೆಲ್ಲಿಂದ ಬಂದಾತು?' ಎಂದರು ಬಂದಿದ್ದ ಪೊಲೀಸಿನವರು. ನಾನು ಹಟ ಹಿಡಿದು ಬರೆಸಿದೆ. ಅಪರಿಚಿತ ಶವ, ಅಸಹಜ ಸಾವು ಎಂದು ಒಂದು ನಂಬರು ಬಿತ್ತು. ಆ ಮನುಷ್ಯನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬೇರೆ ಯಾವುದೋ ಜಿಲ್ಲೆಯ ಠಾಣೆಯ ಮುಂದೆ ಅವನ ಹೆಂಡತಿಯೋ ತಾಯಿಯೋ ನಿಂತಿದ್ದಿರಬಹುದು.

ಹೀಗೆ ಒಂದು ಠಾಣೆಯ ಅಪರಿಚಿತ ಶವಗಳ ಪುಸ್ತಕವೂ ಇನ್ನೊಂದು ಠಾಣೆಯ ಕಾಣೆಯಾದವರ ಪುಸ್ತಕವೂ ಒಂದನ್ನೊಂದು ನೋಡದಿದ್ದರೆ ಏನಾಗುತ್ತದೆಂಬುದು 2009ರಲ್ಲಿ ನಾಡಿಗೆಲ್ಲ ಗೊತ್ತಾಯಿತು. ದಕ್ಷಿಣ ಕನ್ನಡದಲ್ಲಿ ಶಾಲಾ ಶಿಕ್ಷಕನಾಗಿದ್ದ ಮೋಹನ್ ಕುಮಾರ್ ಮದುವೆಯಾಗುವ ಮಾತು ಕೊಟ್ಟು ಬಡ ಹೆಣ್ಣುಮಕ್ಕಳನ್ನು ಬೇರೆ ಊರಿಗೆ ಕರೆದೊಯ್ದು ಸೈನೈಡ್ ಕೊಟ್ಟು ಕೊಲ್ಲುತ್ತಿದ್ದ. ಹೆಣ ಸಿಗುತ್ತಿದ್ದದ್ದು ಮೈಸೂರು, ಮಡಿಕೇರಿ ಇಂಥ ಕಡೆ, ಬಸ್ ನಿಲ್ದಾಣದ ಶೌಚಾಲಯಗಳಲ್ಲಿ. ಅಲ್ಲಿ ಅದು ಅಪರಿಚಿತ ಶವ. ಊರಲ್ಲಿ ಓಡಿಹೋದ ಹುಡುಗಿ. ಬಂಟ್ವಾಳದ ಹುಡುಗಿಯೊಬ್ಬಳು ಕಾಣೆಯಾದಾಗ ಅವಳ ಜನ ಠಾಣೆಯ ಮುಂದೆ ಗಲಾಟೆ ಮಾಡಿ ಪಟ್ಟು ಹಿಡಿದ ಮೇಲೆ ಪೊಲೀಸರು ಫೋನ್ ಕರೆಗಳ ಬೆನ್ನು ಹತ್ತಿದರು, ಇಪ್ಪತ್ತು ಕೊಲೆಗಳ ಸರಣಿ ಹೊರಬಿತ್ತು. ಅದಕ್ಕೆ ಎರಡು ವರ್ಷ ಮೊದಲು ಸಿಕ್ಕಿಬಿದ್ದ ಕೆಂಪಮ್ಮ ದೇವಸ್ಥಾನಗಳಲ್ಲಿ ನೊಂದ ಹೆಂಗಸರ ಸ್ನೇಹ ಮಾಡಿ, ವ್ರತದ ನೆಪದಲ್ಲಿ ಒಡವೆ ಹಾಕಿಕೊಂಡು ಬರಹೇಳಿ, ವಿಷ ಕುಡಿಸುತ್ತಿದ್ದಳು. ನಮ್ಮ ಮದ್ದೂರಿನ ವೈದ್ಯನಾಥಪುರವೂ ಅವಳ ದಾರಿಯಲ್ಲಿತ್ತು. ದಾರಿಹೋಕರ ನಂಬಿಕೆ ಗಳಿಸಿ ಕೊಲ್ಲುವ ಹಳೆಯ ಕಸುಬಿಗೆ ಇವರು ಸೇರಿಸಿದ ಹೊಸದೇನೂ ಇಲ್ಲ.

2023ರಿಂದ ನಮ್ಮ ಪಕ್ಕದಲ್ಲಿ ಹೊಸ ದಶಪಥ ರಸ್ತೆ ಓಡುತ್ತಿದೆ. ಟೋಲ್‌ನಲ್ಲಿ, ವೃತ್ತದಲ್ಲಿ, ಎಲ್ಲೆಲ್ಲೂ ಕ್ಯಾಮೆರಾ. ಆದರೂ ಯಾರೋ ಒಬ್ಬರು ಬಂದು 'ನಮ್ಮವರು ಬಂದಿಲ್ಲ' ಎಂದು ಬರೆಸದಿದ್ದರೆ ಆ ಕ್ಯಾಮೆರಾದ ಚಿತ್ರವನ್ನು ಯಾರೂ ತೆಗೆದು ನೋಡುವುದಿಲ್ಲ. ಆದ್ದರಿಂದ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟೆ. ಮನೆಯವರು ಬರಬೇಕಾದ ಹೊತ್ತಿಗೆ ಬರದಿದ್ದರೆ ಮಾನಕ್ಕೆ ಅಂಜಿ ದಿನ ಕಳೆಯಬೇಡಿ, ಹತ್ತಿರದ ಠಾಣೆಗೆ ಹೋಗಿ. ಅಪಹರಣದ ಅನುಮಾನವಿದ್ದರೆ ಅದು ನಮ್ಮ ಸರಹದ್ದಲ್ಲ ಎನ್ನುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು, ದಾಖಲಾದದ್ದರ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯಲ್ಲಿ ಬರೆದುಕೊಳ್ಳದಿದ್ದರೆ ಎಸ್.ಪಿ.ಯವರಿಗೆ ಅಂಚೆಯಲ್ಲಿ ಕಳಿಸಿ, ಅದಕ್ಕೂ ಅಲ್ಲೇ ಅವಕಾಶವಿದೆ. ಪ್ರತಿ ಕೈಗೆ ಬರುವವರೆಗೆ ಠಾಣೆಯ ಮೆಟ್ಟಿಲು ಇಳಿಯಬೇಡಿ.