ಅಣುವಿಜ್ಞಾನ ಪ್ರಚಾರದ ಚಿತ್ರಕಥೆಗಳು

ಎರಡನೆಯ ಮಹಾಯುದ್ಧದ ಬಳಿಕ, ಪರಮಾಣುವಿನ ಬಗ್ಗೆ ಜನರಲ್ಲಿದ್ದ ದಿಗಿಲು ಕಳೆದು ತಿಳಿವಳಿಕೆ ಮೂಡಿಸಲು ಅಮೆರಿಕದಲ್ಲಿ ಹೊರಬಂದ ಕಿರುಹೊತ್ತಗೆಗಳು ಮತ್ತು ಜಾಹೀರಾತು ಪುಟಗಳು. ಇವುಗಳಲ್ಲಿ ಹೆಸರಾದದ್ದು 1949ರ ‘ಡ್ಯಾಗ್‌ವುಡ್ ಸ್ಪ್ಲಿಟ್ಸ್ ದಿ ಆ್ಯಟಂ’. ಬಾಂಬ್ ತಯಾರಿಕೆಯ ಮ್ಯಾನ್‌ಹಟನ್ ಯೋಜನೆಯ ಮುಖ್ಯಸ್ಥ ಜನರಲ್ ಲೆಸ್ಲಿ ಗ್ರೋವ್ಸ್ ಅವರದೇ ಮುನ್ನುಡಿ! ಜಾದೂಗಾರ ಮಾಂಡ್ರೇಕ್, ಪೆದ್ದು ಗೃಹಸ್ಥ ಡ್ಯಾಗ್‌ವುಡ್‌ನನ್ನು ಕುಗ್ಗಿಸಿ ಪರಮಾಣುವಿನ ಲೋಕಕ್ಕೆ ಕರೆದೊಯ್ಯುತ್ತಾನೆ. ನ್ಯೂಟ್ರಾನ್ ತಗುಲಿದ ಯುರೇನಿಯಂ-235ರ ಬೀಜಕೇಂದ್ರ ಒಡೆದು, ಶಕ್ತಿಯೊಡನೆ ಮತ್ತಷ್ಟು ನ್ಯೂಟ್ರಾನ್‌ಗಳು ಸಿಡಿದು ಸರಪಳಿ ಕ್ರಿಯೆ ಸಾಗುವುದನ್ನು ಚಿತ್ರದಲ್ಲಿ ತೋರಿಸುವುದು ಸುಲಭ. ಆದರೆ ವಿಕಿರಣ ಕಣ್ಣಿಗೆ ಕಾಣದು, ಚಿತ್ರಕ್ಕೂ ಒಗ್ಗದು.

ಇದೇ ಮಾಂಡ್ರೇಕ್ ಭಾರತದ ಓದುಗರಿಗೆ ಹತ್ತಿರವಾದದ್ದು 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮೂಲಕ. ಮಾಲೆಗೆ ಕನ್ನಡ ಆವೃತ್ತಿಯೂ ಇತ್ತು. ಆದರೆ ಮಲೆನಾಡಿಗೆ ಅಣು ಬಂದದ್ದು ಚಿತ್ರಕಥೆಯಾಗಿ ಅಲ್ಲ, ಜಗಳವಾಗಿ. ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು, ಸೋತರು. 2000ದಲ್ಲಿ ಅಲ್ಲಿ ತಲಾ 220 ಮೆಗಾವ್ಯಾಟ್‌ನ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು.