ತೋಳಿನ ಬಲ, ಗೆರೆಯ ದೂರ: ಸಿಕ್ಸರ್ ಬೆಳೆದ ಬಗೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಎಷ್ಟೋ ಹುಡುಗರಿಗೆ ಮೊದಲ ಬ್ಯಾಟು ಸಿಗುವುದು ತೋಟದಲ್ಲೇ. ಉದುರಿದ ತೆಂಗಿನ ಹೆಡೆಮಟ್ಟೆಯ ಗರಿ ಸವರಿ, ಸಣ್ಣ ತುದಿಯನ್ನು ಕೈಹಿಡಿಗೆ ತಕ್ಕಂತೆ ಮಚ್ಚಿನಲ್ಲಿ ಕೆತ್ತಿ, ಅಗಲವಾದ ಬುಡವನ್ನು ಹಾಗೇ ಬಿಟ್ಟರೆ ಆಯಿತು. ಹಸಿಯಿದ್ದರೆ ಕೈಗೆ ಭಾರ, ಒಣಗಿದರೆ ಹಗುರ, ಆದರೆ ಬೇಗ ಸೀಳುತ್ತದೆ. ಜಾಗ ಚಿಕ್ಕದಿದ್ದರೆ ಚೆಂಡನ್ನು ನೇರವಾಗಿ ತೋಟಕ್ಕೆ ಹೊಡೆದವನು ಔಟ್. ಬಯಲಿನಲ್ಲಿ ಅದೇ ಹೊಡೆತಕ್ಕೆ ಆರು ರನ್. ದೊಡ್ಡ ಹೊಡೆತದ ಇತಿಹಾಸವೆಲ್ಲ ಈ ಕಟ್ಟಳೆಯೊಳಗೇ ಇದೆ. ತೋಳಿನದು ಅರ್ಧ ಕೆಲಸ, ಉಳಿದರ್ಧ ಗೆರೆ, ಚೆಂಡು ಮತ್ತು ನಿಯಮದ್ದು.

ಅಮೆರಿಕದ ಬೇಸ್‌ಬಾಲ್ ಇದನ್ನು ಬಹಳ ಮೊದಲೇ ಕಂಡಿತ್ತು. 1884ರಲ್ಲಿ ಷಿಕಾಗೋದ ನೆಡ್ ವಿಲಿಯಂಸನ್ 27 ಹೋಮ್ ರನ್ ಹೊಡೆದ. ಅದರಲ್ಲಿ 25 ತವರು ಮೈದಾನದಲ್ಲೇ. ಅಲ್ಲಿ ಎಡಬಲದ ಬೇಲಿ ಇನ್ನೂರು ಅಡಿಯೂ ದೂರವಿರಲಿಲ್ಲ. ಮರುವರ್ಷ ತಂಡ ಬೇರೆ ಮೈದಾನಕ್ಕೆ ಹೋಯಿತು, ಅವನ ಲೆಕ್ಕ ಮೂರಕ್ಕಿಳಿಯಿತು. ಬೇಬ್ ರೂತ್ ಆ ದಾಖಲೆ ಮುರಿದದ್ದು 1919ರಲ್ಲಿ, 29 ಹೊಡೆದು. ಮರುವರ್ಷ ಉಗುಳು ಹಚ್ಚಿ ಎಸೆಯುವುದಕ್ಕೆ ನಿಷೇಧ ಬಂತು, ಮಾಸಿದ ಚೆಂಡನ್ನು ಬೇಗ ಬದಲಿಸತೊಡಗಿದರು, ರೂತ್ 54ಕ್ಕೇರಿದ. ಅವನ ತೋಳು ಅಪ್ರತಿಮವೇ, ಆದರೆ ಕಾಲವೂ ಅವನಿಗೆ ಒದಗಿತು.

ಕ್ರಿಕೆಟ್ಟಿನಲ್ಲೂ ಇಂಗ್ಲೆಂಡಿನಲ್ಲಿ 1910ರವರೆಗೆ ಚೆಂಡು ಮೈದಾನದಿಂದಲೇ ಆಚೆ ಬೀಳದೆ ಆರು ರನ್ ದಕ್ಕುತ್ತಿರಲಿಲ್ಲ. ನಮ್ಮ ದೇಶದಲ್ಲಿ ಸಿಕ್ಸರ್ ಎಂದರೆ ಜನ ಮೈದಾನಕ್ಕೆ ಧಾವಿಸುವಂತೆ ಮಾಡಿದವರು ಸಿ.ಕೆ. ನಾಯುಡು. 1926ರಲ್ಲಿ ಬಾಂಬೆ ಜಿಮ್ಖಾನಾದಲ್ಲಿ ಎಂ.ಸಿ.ಸಿ. ವಿರುದ್ಧದ ಅವರ 153ರಲ್ಲಿ 11 ಸಿಕ್ಸರ್‌ಗಳಿದ್ದವು.

ಮೈಸೂರು ಸಂಸ್ಥಾನದ ತಂಡ ಆಗ ಬೇರೆಯೇ ಕಷ್ಟದಲ್ಲಿತ್ತು. 1934ರ ನವೆಂಬರ್‌ನಲ್ಲಿ ಚೆಪಾಕ್‌ನಲ್ಲಿ ನಡೆದ ಮೊಟ್ಟಮೊದಲ ರಣಜಿ ಪಂದ್ಯದಲ್ಲಿ 48 ಮತ್ತು 59ಕ್ಕೆ ಆಲೌಟಾಗಿ ಒಂದೇ ದಿನದಲ್ಲಿ ಸೋತಿತು. ಮುಂದೆ ಮುಲ್ಕಿಯ ಬುಧಿ ಕುಂದರನ್ 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ಬೌಲರ್‌ಗಳ ಮೇಲೆರಗಿ 192 ಹೊಡೆದರು. ಆದರೂ ಕರ್ನಾಟಕ ಆರಾಧಿಸಿದ್ದು ನೆಲಕ್ಕೊತ್ತಿ ಆಡುವವರನ್ನೇ. ಜಿ.ಆರ್. ವಿಶ್ವನಾಥರ 1969ರ ಚೊಚ್ಚಲ ಟೆಸ್ಟಿನ 137ರಲ್ಲಿ 25 ಬೌಂಡರಿಗಳಿದ್ದವು. ಆ ಮಣಿಕಟ್ಟಿನ ಚೆಲುವಿಗೆ ಸಿಕ್ಸರ್ ಬೇಕಿರಲಿಲ್ಲ.

ಎಲ್ಲ ಬದಲಾದದ್ದು 2008ರ ಏಪ್ರಿಲ್ 18ರ ರಾತ್ರಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಐಪಿಎಲ್‌ನ ಮೊದಲ ಪಂದ್ಯದಲ್ಲೇ ಬ್ರೆಂಡನ್ ಮೆಕಲಮ್ ಬೆಂಗಳೂರಿನ ಬೌಲರ್‌ಗಳಿಗೆ 13 ಸಿಕ್ಸರ್ ಹೊಡೆದು 158 ಗಳಿಸಿದ. 2013ರಲ್ಲಿ ಅಲ್ಲೇ ಕ್ರಿಸ್ ಗೇಲ್ ಬೆಂಗಳೂರಿಗಾಗಿ 66 ಎಸೆತಗಳಲ್ಲಿ 175. ಸಿಕ್ಸರ್ 17, ಶತಕ ಬಂದದ್ದು ಮೂವತ್ತೇ ಎಸೆತಗಳಲ್ಲಿ. ಹತ್ತಿರದ ಗೆರೆ, ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿನ ತೆಳು ಗಾಳಿ, ದಪ್ಪ ಅಂಚಿನ ಬ್ಯಾಟು ಮೂರೂ ಒಂದೆಡೆ ಕೂಡಿದ್ದವು. 2017ರಲ್ಲಿ ಬ್ಯಾಟಿನ ಅಂಚು 40 ಮಿಲಿಮೀಟರ್ ಮೀರಬಾರದೆಂದು ನಿಯಮವೇ ಬಂತು. ‘ಗೋಡೆ’ ಎಂದು ಕರೆಸಿಕೊಂಡ ರಾಹುಲ್ ದ್ರಾವಿಡ್ ಕೂಡ 2011ರಲ್ಲಿ ತಮ್ಮ ಏಕೈಕ ಅಂತರರಾಷ್ಟ್ರೀಯ ಟಿ20ಯಲ್ಲಿ ಸತತ ಮೂರು ಸಿಕ್ಸರ್ ಬಾರಿಸಿದರು. ನನಗೆ ಗೇಲ್‌ನ ಹದಿನೇಳಕ್ಕಿಂತ ಈ ಮೂರು ಹೆಚ್ಚು ಪ್ರಿಯ.

ಟೆನಿಸ್ ಚೆಂಡಿನಲ್ಲಿ ಸಲೀಸಾಗಿ ಸಿಕ್ಸರ್ ಎತ್ತುವವರು ಕಲ್ಪತರು ನಾಡಿನ ಊರೂರಲ್ಲೂ ಇದ್ದಾರೆ. ಆದರೆ ಲೆದರ್ ಚೆಂಡು ಗಟ್ಟಿ, ಗಾಳಿಯಲ್ಲಿ ತಿರುಗುತ್ತದೆ. ಅಡ್ಡ ಬೀಸಿ ಗೆದ್ದ ಕೈ ಅಲ್ಲಿ ನೇರ ಬ್ಯಾಟನ್ನು ಹೊಸದಾಗಿ ಕಲಿಯಬೇಕು. ಅದಕ್ಕೆ ಟರ್ಫ್ ಪಿಚ್, ನೆಟ್, ತರಬೇತುದಾರ ಎಲ್ಲ ಬೇಕು, ಅದೂ ಹದಿಮೂರು ಹದಿನಾಲ್ಕರ ವಯಸ್ಸಿಗೇ. ಕಲಿತವರಿಗೆ ಮುಂದಿನ ಮೆಟ್ಟಿಲಾದ ರಾಜ್ಯದ ಟಿ20 ಟೂರ್ನಿ, 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯ ಆರು ತಂಡಗಳು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ, ಗುಲ್ಬರ್ಗದ ಹೆಸರಿನವು. ತುಮಕೂರಿನ ಹೆಸರಿನದು ಅವುಗಳಲ್ಲಿ ಇರಲಿಲ್ಲ.